ಕ್ಲಾರಿನೆಟ್ ಮಾಸ್ಟ್ರ ಎರಡು ಹಲ್ಲು

ಬಾಯಿ ತೆಗೀರಿ ಅಂದರೆ ಯಾರೇ ಆಗಲಿ ಬಾಯಿ ತೆಗೀತಾರೆ. ಇವರು ಜೇಬಿಗೆ ಕೈ ಹಾಕಿದರು. ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಹೆಬ್ಬೆರಳುದ್ದದ ಕಪ್ಪು ತುಂಡೊಂದನ್ನು ತೆಗೆದು, ನಾನು ಆಗಷ್ಟೇ ಸ್ಟೆರೈಲ್ ಮಾಡಿ ಜೋಡಿಸಿಟ್ಟಿದ್ದ ಟ್ರೇ ಮೇಲೆ ಇಟ್ಟೇಬಿಟ್ಟರು.

"ಅಯ್ಯೋ, ಏನ್ರೀ ಅದು? ತೆಗೀರಿ ಮೊದ್ಲು!" ಅಂತ ಕಿರುಚಿದೆ.

"ಕ್ಲಾರಿನೆಟ್‌ದು ಬಾಯಿ, ಡಾಕ್ಟ್ರೇ. ಮೊದ್ಲು ಇದರ ಬಾಯಿ ನೋಡಿ, ಆಮೇಲೆ ನಂದು ನೋಡಿ" ಅಂದರು, ಏನೂ ಆಗಿಲ್ಲವೆಂಬಂತೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಮನೆಯಲ್ಲೂ ಹಾಗೇ ಹೇಳ್ತಾರೆ, ಕ್ಲಿನಿಕ್ಕಿನಲ್ಲೂ ಹಾಗೇ ಹೇಳ್ತಾರೆ. ಇಡೀ ಟ್ರೇಯನ್ನು ವಾಪಸ್ ಕಳಿಸಿ ಇನ್ನೊಂದು ತರಿಸುವಷ್ಟರಲ್ಲಿ ಅವರ ಮೇಲೆ ಒಂದು ಸುತ್ತು ರೇಗಾಡಿ ಮುಗಿಸಿದ್ದೆ. ಅವರು ಅಷ್ಟೂ ಹೊತ್ತು ಕುರ್ಚಿಯಲ್ಲಿ ನೆಟ್ಟಗೆ ಕೂತು, ಆ ತುಂಡನ್ನು ಕರ್ಚೀಫಿನಿಂದ ಒರೆಸುತ್ತಿದ್ದರು.

ಹಲಸೂರಿನ ಬಜಾರ್ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ಕು. ಮನೆ ದೊಮ್ಮಲೂರು. ಅಲ್ಲಿ ಫ್ಲೈಓವರ್ ಕೆಲಸ ಮುಗಿಯದೆ ಎಳೀತಿದ್ದ ಕಾಲ ಅದು. ದಿನಾ ಸ್ಕೂಟರಿನಲ್ಲಿ ಧೂಳು ಕುಡಿದುಕೊಂಡು ಬರ್ತಿದ್ದೆ. ಬಂದಿದ್ದವರು ಶಿವಾಜಿನಗರದ ಮದುವೆ ಬ್ಯಾಂಡ್ ಒಂದರಲ್ಲಿ ಮುಂದಿನ ಸಾಲಿನಲ್ಲಿ ನಿಂತು ಕ್ಲಾರಿನೆಟ್ ನುಡಿಸುವವರು. ಬ್ಯಾಂಡಿನವರೆಲ್ಲ ಮಾಸ್ಟ್ರು ಅಂತಿದ್ದರು. ನಾನೂ ಹಾಗೇ ಕರೆದೆ.

ಅವರು ತೋರಿಸಿದ್ದು ಇಷ್ಟು: ಆ ಕಪ್ಪು ತುಂಡು ಬಾಯೊಳಗೆ ಹೋದಾಗ ಕೆಳತುಟಿ ಒಳಕ್ಕೆ ಮಡಚಿಕೊಂಡು ಹಾಸಿಗೆಯಾಗುತ್ತದೆ. ಮೇಲಿನ ಎರಡು ಮುಂದಿನ ಹಲ್ಲು ಅದರ ಬೆನ್ನ ಮೇಲೆ ಕೂರುತ್ತವೆ. ಇಡೀ ವಾದ್ಯ ನಿಲ್ಲುವುದು ಆ ಎರಡು ಹಲ್ಲಿನ ಆಸರೆಯಲ್ಲಿ. ಮಾಸ್ಟ್ರ ಬಾಯಲ್ಲಿ ಆ ಎರಡೂ ಅಲ್ಲಾಡ್ತಿದ್ದವು. ನಡುವೆ ಸಂದು ಬಿಟ್ಟು ಮುಂದಕ್ಕೆ ಬಾಗಿದ್ದವು. ಊದಿದರೆ ಗಾಳಿ ಸೋರುತ್ತಿತ್ತು, ಸ್ವರ ಜಾರುತ್ತಿತ್ತು.

"ಹಲ್ಲು ಹೋದ್ರೆ ಹೋಗ್ಲಿ ಡಾಕ್ಟ್ರೇ. ಸ್ವರ ಹೋಗ್ಬಾರ್ದು. ಅದಿಲ್ದಿದ್ರೆ ನನ್ ಕೈಗೆ ತಾಳ ಕುಟ್ಟೋ ಜಾಲ್ರಾ ಕೊಡ್ತಾರೆ. ಮುಂದ್ ನಿಂತೋನು ಹಿಂದ್ ಹೋಗಿ ಜಾಲ್ರಾ ಹೊಡೀಬೇಕಾ, ನೀವೇ ಹೇಳಿ."

ಅಳತೆಯ ಕಡ್ಡಿಯನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿದೆ. ಆರೋಗ್ಯದ ಒಸಡಾದರೆ ಎರಡು ಮೂರು ಮಿಲಿಮೀಟರಿಗೆ ತಡೆಯುತ್ತೆ. ಇಲ್ಲಿ ಎಂಟರ ತನಕ ಸರಾಗವಾಗಿ ಇಳಿಯಿತು, ಹಿಂದೆಯೇ ಕೀವು, ರಕ್ತ. ನಮ್ಮ ಭಾಷೆಯಲ್ಲಿ ಇದನ್ನು ಪಾಕೆಟ್ ಅಂತೀವಿ ಅಂದೆ.

"ಶರ್ಟಿನ ಪಾಕೆಟ್ಟೇ ಖಾಲಿ. ಬಾಯಲ್ಲಿ ಬೇರೆ ಯಾಕ್ ಬೇಕಿತ್ತು" ಅಂದರು ಮಾಸ್ಟ್ರು.

ಎಕ್ಸ್‌ರೇ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಬೇರಿನ ಸುತ್ತ ಇರಬೇಕಾದ ಮೂಳೆ ಮುಕ್ಕಾಲು ಪಾಲು ಕರಗಿಹೋಗಿತ್ತು. ಪಕ್ಕದ ಹಲ್ಲುಗಳ ಮೂಳೆಯೂ ಅಷ್ಟಕ್ಕಷ್ಟೆ. ನಮ್ಮಪ್ಪ ದೊಮ್ಮಲೂರಿನಲ್ಲಿ ಸೊಪ್ಪು ತರಕಾರಿ ಬೆಳೀತಿದ್ದವರು, ಆದ್ದರಿಂದ ನನಗೆ ಬರೋ ಹೋಲಿಕೆಯೆಲ್ಲ ಅಲ್ಲಿಯದೇ. "ನೋಡಿ ಮಾಸ್ಟ್ರೇ, ತೆಂಗಿನ ಮರಕ್ಕೇನೂ ಆಗಿಲ್ಲ. ಬುಡದ ಮಣ್ಣು ಕೊಚ್ಚಿಕೊಂಡು ಹೋಗಿದೆ. ಮರ ನಿಲ್ಲಲ್ಲ" ಅಂದೆ. ಅವರು ಫಿಲ್ಮನ್ನು ತಿರುಗಾ ಮುರುಗಾ ಮಾಡಿ ನೋಡಿ, "ಬೀಡಿ?" ಅಂತ ತಾವೇ ಕೇಳಿದರು. ಬೀಡಿಯೂ ಹೌದು, ಹಲ್ಲಿಗೆ ಕಟ್ಟಿದ ಪಾಚಿಯೂ ಹೌದು, ವರ್ಷಗಟ್ಟಲೆ ರಕ್ತ ಬಂದರೂ ಸುಮ್ಮನಿದ್ದದ್ದೂ ಹೌದು ಅಂದೆ. ಅವತ್ತೇ ಬೀಡಿ ಬಿಟ್ಟರು. ಇದನ್ನು ನಾನು ನಂಬಿರಲಿಲ್ಲ. ಅವರ ಹೆಂಡತಿ ಮುಂದಿನ ಸಲ ಬಂದಾಗ ಆಣೆ ಮಾಡಿ ಹೇಳಿದ ಮೇಲೆ ನಂಬಿದೆ.

ಎರಡೂ ಹಲ್ಲು ತೆಗೆದೆ. ತಾತ್ಕಾಲಿಕವಾಗಿ ಅಂಗುಳಕ್ಕೆ ಕೂರುವ ಒಂದು ಪ್ಲೇಟ್ ಮಾಡಿಸಿ, ಅದಕ್ಕೆ ಎರಡು ಪ್ಲಾಸ್ಟಿಕ್ ಹಲ್ಲು ಕೂರಿಸಿ ಕೊಟ್ಟೆ. ನೋಡೋಕೆ ಚೆನ್ನಾಗಿತ್ತು. ಮಾಸ್ಟ್ರು ಕ್ಲಾರಿನೆಟ್ ತಂದಿದ್ದರು. ಅಲ್ಲೇ ಜೋಡಿಸಿ ಊದಿದರು. ಮುಂದೆ ಒತ್ತಡ ಬಿದ್ದ ಕೂಡಲೇ ಪ್ಲೇಟು ಹಿಂದಿನಿಂದ ಕಳಚಿಕೊಂಡು ನಾಲಿಗೆ ಮೇಲೆ ಬಿತ್ತು. ಬಾಗಿಲಿಗೆ ಕೈ ಸಿಕ್ಕಿಸಿಕೊಂಡವರ ಹಾಗೆ ವಾದ್ಯ ಕಿರುಚಿತು. ಹೊರಗಡೆ ಕಾಯ್ತಿದ್ದ ಹೆಂಗಸೊಬ್ಬರು ಯಾರಿಗೋ ಹಲ್ಲು ಕೀಳ್ತಿದ್ದಾರೆ ಅಂದುಕೊಂಡು ಮೆಟ್ಟಿಲಿಳಿದು ಹೋಗೇಬಿಟ್ಟರು. ನಾನೂ ನಕ್ಕೆ, ಮಾಸ್ಟ್ರೂ ನಕ್ಕರು. ಆಮೇಲೆ ಅವರು ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕುವಾಗ ನಾನು ಅವರ ಮುಖ ನೋಡಲಿಲ್ಲ.

ಪಕ್ಕದ ಹಲ್ಲುಗಳಿಗೆ ಬ್ರಿಡ್ಜ್ ಕಟ್ಟೋಣವೆಂದರೆ ಅವೇ ಬಲವಾಗಿರಲಿಲ್ಲ. ಉಳಿದದ್ದು ಇಂಪ್ಲಾಂಟ್. ಮೂಳೆಯೊಳಗೆ ಟೈಟೇನಿಯಂ ಸ್ಕ್ರೂ ಇಳಿಸಿ, ಮೂಳೆ ಅದನ್ನು ತಬ್ಬಿಕೊಳ್ಳುವ ತನಕ ಕಾದು, ಅದರ ಮೇಲೆ ಹಲ್ಲು ಕೂರಿಸುವುದು. ನಮ್ಮಂಥ ಸಣ್ಣ ಕ್ಲಿನಿಕ್ಕುಗಳಿಗೆ ಆಗ ಇದಿನ್ನೂ ಹೊಸದು. ನಾನು ಹಾಕಿದ್ದೆಲ್ಲ ಕೆಳದವಡೆಯ ಹಿಂಭಾಗದಲ್ಲಿ. ಅಲ್ಲಿ ಮೂಳೆ ದಪ್ಪ, ಕಣ್ಣಿಗೂ ಕಾಣಲ್ಲ. ಮೇಲಿನ ಮುಂಭಾಗ, ಅದರಲ್ಲೂ ಒಸಡು ರೋಗ ತಿಂದು ಹೋದ ಜಾಗ ಬೇರೆಯೇ ಕಥೆ. ನನಗೆ ಕಲಿಸಿದ ಪ್ರೊಫೆಸರ್ ನಿವೃತ್ತರಾಗಿ ಇಂದಿರಾನಗರದಲ್ಲಿದ್ದರು. ಫಿಲ್ಮುಗಳನ್ನೆಲ್ಲ ಹೊತ್ತುಕೊಂಡು ಅವರ ಮನೆಗೆ ಹೋದೆ.

"ಸ್ಕ್ರೂ ವಿಷಯ ಆಮೇಲೆ. ಮೊದ್ಲು ಉಳಿದ ಹಲ್ಲಿನ ಒಸಡು ಸರಿ ಮಾಡು" ಅಂದರು. "ಆ ಪಾಕೆಟ್‌ಗಳಲ್ಲಿರೋ ಕ್ರಿಮಿ ಪಕ್ಕದ ಇಂಪ್ಲಾಂಟಿಗೆ ಹೋಗದೆ ಇರುತ್ತಾ? ಹಲ್ಲಿನ ಮೂಳೆ ತಿಂದಿದ್ದು ಸ್ಕ್ರೂ ಸುತ್ತ ಇರೋ ಮೂಳೇನೂ ತಿನ್ನುತ್ತೆ."

ಸರಿ, ಶುರು ಮಾಡಿದೆವು. ಬಾಯಿಯ ಒಂದೊಂದು ಮೂಲೆಯನ್ನೂ ಒಂದೊಂದು ಸಲ ತೆಗೆದುಕೊಂಡು, ಒಸಡಿನ ಕೆಳಗಿನ ಗಾರೆಯಂಥ ಕಲ್ಲನ್ನು ಕೆರೆದು, ಬೇರನ್ನು ನುಣ್ಣಗೆ ಮಾಡಿದೆ. ಪಾಕೆಟ್ಟಿನ ಆಳ ಕಡಿಮೆಯಾಗದ ಕಡೆ ಒಸಡನ್ನು ಬಿಡಿಸಿ, ಕಣ್ಣಾರೆ ನೋಡಿ ಸ್ವಚ್ಛ ಮಾಡಿ, ಮತ್ತೆ ಹೊಲಿದೆ. ಬ್ರಷ್ ಹಿಡಿಯೋದು ಕಲಿಸಿದೆ. ಮಾಸ್ಟ್ರು ಕ್ಲಾರಿನೆಟ್ಟನ್ನು ಒರೆಸುವ ಶ್ರದ್ಧೆಯಲ್ಲೇ ಹಲ್ಲುಜ್ಜಿದರು. ಅಷ್ಟರಲ್ಲಿ ಬ್ಯಾಂಡಿನ ಯಜಮಾನ ಇನ್ನೊಬ್ಬ ಕ್ಲಾರಿನೆಟ್ಟಿನವರನ್ನು ಕೆ.ಆರ್. ಪುರದಿಂದ ಕರೆಸಿಕೊಂಡಿದ್ದ. ಮಾಸ್ಟ್ರ ಕೈಗೆ ಜಾಲ್ರಾ ಬಂದೇಬಿಟ್ಟಿತ್ತು. ಮುಂದಿನ ಮದುವೆ ಸೀಸನ್ ಹೊತ್ತಿಗೆ ಹಲ್ಲು ಬಂದರೆ ಮುಂದಿನ ಸಾಲು, ಬರದಿದ್ದರೆ ಜಾಲ್ರಾನೇ ಗತಿ ಅಂತ ಯಜಮಾನನ ಮಾತು.

ರಕ್ತ ಬರುವುದು ನಿಂತು, ಒಸಡು ಗಟ್ಟಿಯಾಗಿ ತೆಳು ಗುಲಾಬಿಗೆ ತಿರುಗಿದ ಮೇಲೆ ಆಪರೇಷನ್ ಇಟ್ಟುಕೊಂಡೆವು. ಪ್ರೊಫೆಸರ್ ಪಕ್ಕದಲ್ಲಿ ನಿಲ್ಲುತ್ತೀನಿ ಅಂದರು. "ನಿಲ್ತೀನಿ ಅಷ್ಟೆ. ಕೈ ನಿಂದು" ಅಂತಲೂ ಅಂದರು.

ಒಸಡು ಬಿಡಿಸಿ ನೋಡಿದಾಗ ಎಡಗಡೆ ಪರವಾಗಿಲ್ಲ ಅನ್ನುವಂತಿತ್ತು, ಸಣಕಲಾದರೂ ಮೂಳೆಯ ನಾಲ್ಕೂ ಗೋಡೆ ಇದ್ದವು. ಬಲಗಡೆ ತುಟಿಯ ಕಡೆಯ ಗೋಡೆಯೇ ಇರಲಿಲ್ಲ. ಡ್ರಿಲ್ಲಿನಿಂದ ಕೊರೆದರೆ ಇರುವ ಮೂಳೆಯೂ ಪುಡಿಯಾಗಿ ಹೋಗುತ್ತೆ. ಅದಕ್ಕೇ ಮೊದಲ ಸಣ್ಣ ತೂತು ಮಾತ್ರ ಡ್ರಿಲ್ಲಿನಲ್ಲಿ ಹಾಕಿ, ಆಮೇಲೆ ದುಂಡನೆಯ ಉಳಿಗಳನ್ನು ಒಂದಕ್ಕಿಂತ ಒಂದು ದಪ್ಪದ್ದು ತೆಗೆದುಕೊಂಡು, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಮೂಳೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ಮೇಲ್ದವಡೆಯ ಮೂಳೆ ಮೆತ್ತಗಿರುತ್ತೆ, ಹಾಗೆ ಒತ್ತಿದರೆ ಸುತ್ತ ಗಟ್ಟಿಯಾಗುತ್ತೆ. ಕೊರೆಯುವಷ್ಟು ಹೊತ್ತೂ ನಮ್ಮ ಸಿಸ್ಟರ್ ತಣ್ಣನೆಯ ಸಲೈನ್ ಬಿಡ್ತಾನೇ ಇದ್ದರು. ಬಿಸಿ ತಗುಲಿದರೆ ಮೂಳೆ ಸಾಯುತ್ತೆ. ಎರಡೂ ಸ್ಕ್ರೂ ಇಳಿಸಿದ ಮೇಲೆ ಗದ್ದದ ಒಳಗಿನಿಂದ ಚೂರು ಮೂಳೆ ತೆಗೆದು, ಪುಡಿ ಮಾಡಿ, ಬಲಗಡೆ ಸ್ಕ್ರೂವಿನ ಬೆತ್ತಲೆ ಮೈಗೆ ಮೆತ್ತಿ, ಮೇಲೆ ತೆಳು ಪೊರೆ ಹೊದಿಸಿ, ಎರಡನ್ನೂ ಒಸಡಿನೊಳಗೆ ಮುಚ್ಚಿ ಹೊಲಿದುಬಿಟ್ಟೆ. ಆರು ತಿಂಗಳು ಅವು ಒಳಗೇ ಮಲಗಿರಬೇಕು.

ಸುತ್ತಿಗೆಯ ಏಟಿಗೆ ಮಾಸ್ಟ್ರು ಬೆರಳಲ್ಲಿ ತಾಳ ಹಾಕ್ತಿದ್ದದ್ದನ್ನು ಪ್ರೊಫೆಸರ್ ನನಗೆ ಕಣ್ಣಲ್ಲೇ ತೋರಿಸಿದರು.

ಮಾಸ್ಟ್ರು ಕುರ್ಚಿಯಿಂದ ಎದ್ದ ಮೇಲೆ ಅವರಿಗೂ ಅವರ ಹೆಂಡತಿಗೂ ಬಿಡಿಸಿ ಬಿಡಿಸಿ ಹೇಳಿದೆ. ಪ್ಲೇಟನ್ನು ಒಸಡಿಗೆ ತಾಗದ ಹಾಗೆ ಒಳಗಿನಿಂದ ತೇಯ್ದು ಕೊಟ್ಟಿದ್ದೆ. ಬರೀ ನಾಲ್ಕು ಜನರ ಮುಂದೆ ನಗೋಕೆ. "ಮುಂದಿನ ಹಲ್ಲಲ್ಲಿ ಏನನ್ನೂ ಕಚ್ಚಬೇಡಿ. ಚಪಾತಿ ಇಲ್ಲ, ಕಬಾಬ್ ಇಲ್ಲ, ಸೀಬೇಕಾಯಿ ಇಲ್ಲ. ಏನೂ ಕಚ್ಚಬೇಡಿ, ಗೊತ್ತಾಯ್ತಾ?"

"ಹೌ, ಹೌ" ಅಂದರು ಅವರ ಹೆಂಡತಿ. "ನಾನ್ ನೋಡ್ಕೋತೀನಿ. ಗಂಜಿ, ಕಿಚಡಿ ಅಷ್ಟೇ."

ಮೂರನೇ ತಿಂಗಳು ನಡೀತಿರಬೇಕು. ಗಂಡ ಹೆಂಡತಿ ಇಬ್ಬರೂ ಬಂದರು. ಮಾಸ್ಟ್ರು ನೇರ ಹೋಗಿ ಕುರ್ಚಿಯಲ್ಲಿ ಕೂತರು. ತುಟಿ ಎತ್ತಿ ನೋಡಿದೆ. ಬಲಗಡೆ ಒಸಡು ಕೆಂಪಗೆ ಊದಿಕೊಂಡು, ನಡುವೆ ಬಿರಿದು, ರಾಗಿ ಕಾಳಿನಷ್ಟು ಲೋಹ ಹೊಳೀತಿತ್ತು.

ಒಸಡಿನೊಳಗೆ ಮುಚ್ಚಿ ಹೊಲಿದಿದ್ದ ಸ್ಕ್ರೂ ಹೊರಗೆ ಇಣುಕಿತ್ತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

"ಏನ್ ಕಚ್ಚಿದ್ರಿ?"

"ಏನೂ ಇಲ್ಲ ಡಾಕ್ಟ್ರೇ."

"ಸುಳ್ಳು ಹೇಳ್ಬೇಡಿ ಮಾಸ್ಟ್ರೇ. ಮಟನ್ ತಿಂದ್ರಾ?"

"ಅಲ್ಲಾನ ಆಣೆ, ಏನೂ ಕಚ್ಚಿಲ್ಲ."

ಹೆಂಡತಿ ನನ್ನ ಮೇಲೇ ತಿರುಗಿಬಿದ್ದರು. "ಬಕ್ರೀದ್ ದಿನಾನೂ ಗಂಜಿ ಕುಡಿದವ್ರೆ ಇವ್ರು! ಮನೆಮಂದಿಯೆಲ್ಲ ಎದುರಿಗೆ ಕೂತ್ಕೊಂಡು ತಿಂತಿದ್ರೆ, ಇವ್ರು ಗೋಡೆ ಕಡೆ ಮುಖ ಮಾಡ್ಕೊಂಡು ಗಂಜಿ! ನೀವು ಸುಳ್ಳು ಅಂತೀರಲ್ಲ?"

ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಪ್ಲೇಟನ್ನು ತೆಗೆದು ದೀಪದ ಕೆಳಗೆ ಹಿಡಿದೆ. ಒಳಮೈಯಲ್ಲಿ ಎಂಥದೋ ಬೆಳ್ಳಗೆ ಒಣಗಿ ಅಂಟಿತ್ತು. ಪ್ಲಾಸ್ಟಿಕ್ ಹಲ್ಲುಗಳ ತುದಿಯಲ್ಲಿ, ಎರಡರಲ್ಲೂ ಸಮನಾಗಿ, ಯಾರೋ ಅರ ಹಾಕಿ ಉಜ್ಜಿದಂತೆ ನುಣ್ಣಗಿನ ಒಂದು ಗೀರು. ಊಟ ಮಾಡಿದರೆ ಹಲ್ಲು ಹಾಗೆ ಸವೆಯಲ್ಲ.

"ಇದೇನ್ರೀ ಬಿಳಿ?"

"ಮೈದಾ ಗೋಂದು" ಅಂದರು ಹೆಂಡತಿ. "ಪ್ಲೇಟು ನಿಲ್ತಿರ್ಲಿಲ್ವಲ್ಲ, ಅದಕ್ಕೆ. ಗಟ್ಟಿಯಾಗಿ ಕಲಸಿ ಕೊಟ್ರೆ ಒಂದ್ ಗಂಟೆ ಅಲ್ಲಾಡಲ್ಲ."

"ಯಾಕ್ ನಿಲ್ಬೇಕಿತ್ತು? ಮಾಸ್ಟ್ರೇ, ನೀವು... ಊದಿದ್ರಾ?"

"ಊದ್ದೆ" ಅಂದರು ಮಾಸ್ಟ್ರು, ಮುಚ್ಚುಮರೆಯೇ ಇಲ್ಲದೆ. "ದಿನಾ ಸ್ವಲ್ಪ. ಬೆರಳು ಮರೀಬಾರ್ದಲ್ಲ."

"ಕಚ್ಚಬೇಡಿ ಅಂತ ಬಡ್ಕೊಂಡಿದ್ನಲ್ರೀ!"

"ನಾನೆಲ್ಲಿ ಕಚ್ಚಿದೆ? ಊದ್ದೆ." ಈಗ ಅವರಿಗೂ ರೇಗಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ದನಿ ಏರಿಸಿದರು. "ಕ್ಲಾರಿನೆಟ್ ಕಚ್ಚೋನು ಮಾಸ್ಟ್ರೇನ್ರೀ? ಕಲಿಯೋಕ್ ಬಂದ ಹೊಸಬರು ಕಚ್ತಾರೆ. ಕಚ್ಚಿದ್ರೆ ಸ್ವರ ಸತ್ತೋಗುತ್ತೆ, ಕುಂಯ್ ಕುಂಯ್ ಅನ್ನುತ್ತೆ. ನಮ್ ಉಸ್ತಾದ್ರು ಕಚ್ಚಿದವರ ತಲೆ ಮೇಲೆ ಮೊಟಕ್ತಿದ್ರು. ನಾನು ಹಲ್ಲನ್ನ ಸುಮ್ನೆ ಇಡ್ತೀನಿ ಅಷ್ಟೆ. ಜೀವಮಾನದಲ್ಲಿ ಕಚ್ಚಿಲ್ಲ!"

ನಾನು ಪ್ಲೇಟು ಹಿಡಿದುಕೊಂಡು ಹಾಗೇ ಸ್ಟೂಲ್ ಮೇಲೆ ಕೂತೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಕಸುಬಿನಲ್ಲಿ ಹಲ್ಲಿನ ಮೇಲೆ ಭಾರ ಬಿದ್ದರೆ ಅದು ಕಚ್ಚೋದು. ಅವರ ಕಸುಬಿನಲ್ಲಿ ಕಚ್ಚೋದು ಅಂದರೆ ಬೈಗುಳ. ಏನೂ ಕಚ್ಚಬೇಡಿ ಅಂದಾಗ ಅವರು ಕಬಾಬು ಬಿಟ್ಟರು, ಸೀಬೇಕಾಯಿ ಬಿಟ್ಟರು, ಹಬ್ಬದ ಊಟ ಬಿಟ್ಟರು. ಕ್ಲಾರಿನೆಟ್ ಆ ಪಟ್ಟಿಯೊಳಗೆ ಬರುತ್ತೆ ಅಂತ ಅವರಿಗೆ ಹೊಳೆಯುವ ದಾರಿಯೇ ಇರಲಿಲ್ಲ. ನಗು ಬಂತು, ತಡೆದುಕೊಳ್ಳೋಕೆ ನೋಡಿದೆ, ಆಗಲಿಲ್ಲ. ಹೆಂಡತಿ ನನ್ನ ನೋಡಿ ತಾವೂ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡು. ಮಾಸ್ಟ್ರು ಮಾತ್ರ ಇನ್ನೂ ಮುಖ ಬಿಗಿದುಕೊಂಡೇ ಇದ್ದರು.

ನಗು ಮುಗಿದ ಮೇಲೆ ಕೆಲಸ ಮಾಡಬೇಕಿತ್ತಲ್ಲ. ಮರಗಟ್ಟಿಸಿ, ಬಲಗಡೆಯ ಸ್ಕ್ರೂಗೆ ಕೀಲಿ ಸಿಕ್ಕಿಸಿ ಮುಟ್ಟಿದೆ. ಬೆರಳಿನ ಬಲಕ್ಕೇ ತಿರುಗಿತು. ಮೂಳೆ ಹಿಡಿದಿರಲಿಲ್ಲ. ಸುತ್ತ ಮೆತ್ತಿದ್ದ ಪುಡಿ ಅರ್ಧಕ್ಕರ್ಧ ಕೊಳೆತಿತ್ತು. ಹೊರಗೆ ತೆಗೆದು, ಕೆರೆದು, ತೊಳೆದು ಮುಚ್ಚಿದೆ. ಎಡಗಡೆಯದನ್ನು ತೆರೆದು ನೋಡುವ ಧೈರ್ಯ ಮಾಡಲಿಲ್ಲ. ಮೇಲಿನ ಒಸಡು ಚೆನ್ನಾಗಿತ್ತು, ಎಕ್ಸ್‌ರೇಯಲ್ಲಿ ನೆರಳು ಕಾಣಲಿಲ್ಲ. ಅಷ್ಟಕ್ಕೇ ಬಿಟ್ಟೆ.

ಸೀಸನ್ ಹತ್ತಿರ ಬಂತು. ಆರು ತಿಂಗಳು ತುಂಬಿ ಎಡಗಡೆಯದನ್ನು ತೆರೆದಾಗ ಅದು ಬಂಡೆ ಹಾಗೆ ನಿಂತಿತ್ತು. ಮಾಸ್ಟ್ರು ಕುರ್ಚಿಯಿಂದ ಇಳಿಯದೆಯೇ ಕೇಳಿದರು:

"ಒಂದು ಗಟ್ಟಿಯಾಗಿದೆಯಲ್ಲ ಡಾಕ್ಟ್ರೇ. ಎರಡು ಹಲ್ಲೂ ಇದೊಂದಕ್ಕೇ ಕಟ್ಬಿಡಿ. ಮದುವೆ ದಿನಗಳು ಶುರುವಾಗ್ತವೆ. ಯಜಮಾನ ಇನ್ನ ಕಾಯಲ್ಲ ಅಂತಿದಾನೆ."

ಪ್ರೊಫೆಸರಿಗೆ ಫೋನ್ ಮಾಡಿದೆ. "ಮಾಡಬಹುದು. ಕೆಲವರು ಮಾಡ್ತಾರೆ. ಊಟಕ್ಕೆ ತಡೆಯುತ್ತೆ" ಅಂದರು.

ಊಟಕ್ಕೆ ತಡೆಯುತ್ತೆ. ಆ ಮಾತನ್ನು ಇಟ್ಟುಕೊಂಡು ಎರಡು ದಿನ ಒದ್ದಾಡಿದೆ. ಮಾಡಿಬಿಟ್ಟರೆ ಮಾಸ್ಟ್ರು ಮುಂದಿನ ವಾರವೇ ಮುಂದಿನ ಸಾಲಿನಲ್ಲಿ. ಅವರಿಗೂ ಖುಷಿ, ನನಗೂ ಕೈ ತೊಳೆದುಕೊಂಡ ಹಾಗೆ. ಆದರೆ ಊಟದ ಭಾರ ಒಂದು ಕ್ಷಣ ಬಿದ್ದು ಹೋಗುತ್ತೆ. ಮೆರವಣಿಗೆಯಲ್ಲಿ ಕ್ಲಾರಿನೆಟ್ಟು ಗಂಟೆಗಟ್ಟಲೆ ಹಲ್ಲಿನ ಮೇಲೆ ಕೂತಿರುತ್ತೆ, ಅದೂ ನಡೆಯುವಾಗ ಒಂದೊಂದು ಹೆಜ್ಜೆಗೂ ಕುಲುಕುತ್ತೆ. ಎರಡು ಹಲ್ಲಿನ ನಡುವೆ ಬೀಳುವ ಭಾರಕ್ಕೆ ಒಂದು ಪಕ್ಕದಲ್ಲಿ ಮಾತ್ರ ಬೇರಿದ್ದರೆ ಅದು ದಿನಾ ತಿರುಚಿಕೊಳ್ಳುತ್ತೆ. ಇರೋ ಒಂದೂ ಹೋದರೆ ಆ ಮೂಳೆಯಲ್ಲಿ ಮತ್ತೊಂದು ಸಲ ಕೈ ಹಾಕೋಕೆ ಏನೂ ಉಳಿದಿರಲ್ಲ.

ಕರೆಸಿ ಹೇಳಿದೆ. "ಆಗಲ್ಲ ಮಾಸ್ಟ್ರೇ. ಈ ಸೀಸನ್ ಹೋಗ್ಲಿ. ಬಲಗಡೆ ಮತ್ತೆ ಮೂಳೆ ಕಟ್ಟಿ, ಮತ್ತೆ ಸ್ಕ್ರೂ ಹಾಕಿ, ಮತ್ತೆ ಕಾಯೋಣ. ಈ ಸಲ ಪ್ಲೇಟೂ ಕೊಡಲ್ಲ. ಬೊಚ್ಚುಬಾಯಲ್ಲೇ ಇರ್ಬೇಕು."

ಅವರು ಖಾಲಿ ಒಸಡಿನ ಮೇಲೆ ನಾಲಿಗೆ ಆಡಿಸಿಕೊಂಡರು. ಕೆಳಗೆ ಬೀದಿಯಲ್ಲಿ ಪಾತ್ರೆ ಅಂಗಡಿಯವರು ಹಂಡೆ ಉರುಳಿಸುತ್ತಿದ್ದ ಸದ್ದು. ಬೇರೆ ಡಾಕ್ಟರ್ ಹತ್ತಿರ ಹೋಗ್ತೀನಿ ಅನ್ನಬಹುದಿತ್ತು. ಅಂದಿದ್ದರೆ ತಪ್ಪೂ ಅಲ್ಲ. ಒಂದು ಸ್ಕ್ರೂ ಕಳೆದ ಡಾಕ್ಟರ್ ನಾನು.

"ನಿಮ್ ದೊಮ್ಮಲೂರ್ ಫ್ಲೈಓವರ್ ಮೊದ್ಲು ಮುಗಿಯುತ್ತೋ, ನನ್ ಹಲ್ಲು ಮೊದ್ಲು ಮುಗಿಯುತ್ತೋ, ಹೇಳಿ" ಅಂದರು ಕೊನೆಗೆ.

"ಹಲ್ಲೇ ಮೊದ್ಲು" ಅಂದೆ.

ಜೇಬಿಗೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿದ್ದ ಆ ಕಪ್ಪು ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇದು ನಿಮ್ಮತ್ರಾನೇ ಇರ್ಲಿ. ಮನೇಲಿದ್ರೆ ನನ್ ಕೈ ಸುಮ್ನಿರಲ್ಲ."

ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಅತ್ತೆ. ಸಿಸ್ಟರ್ ನೋಡಿ ಬಾಗಿಲು ಎಳೆದುಕೊಂಡರು. ನನ್ನನ್ನು ಅಷ್ಟು ನಂಬಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಮರುದಿನ ಸ್ಕೂಟರ್ ಹತ್ತಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬ್ಯಾಂಡಿನ ಅಂಗಡಿ. ಗೋಡೆ ತುಂಬ ಕೆಂಪು ಕೋಟು, ಚಿನ್ನದ ಬಣ್ಣದ ದಾರ. ಮಾಸ್ಟ್ರು ಇನ್ನೊಂದು ಸೀಸನ್ ಹಲ್ಲಿಲ್ಲದೆ ಇರಬೇಕು, ಕೆಲಸದಲ್ಲಿ ಇಟ್ಟುಕೊಳ್ಳಿ ಅಂತ ಯಜಮಾನನಿಗೆ ಹೇಳಿದೆ.

"ಮೇಡಂ, ನೀವು ಹೇಳೋದು ಸರಿ. ಆದ್ರೆ ಮುಂದಿನ ಹಲ್ಲಿಲ್ದ ಮುಖ ಬ್ಯಾಂಡಲ್ಲಿ ನಿಲ್ಸಿದ್ರೆ ಮದುವೆ ಮನೆಯೋರು ಏನಂತಾರೆ?" ಅಂದ.

"ಮದುವೆ ಮನೆಯೋರು ಗಂಡಿನ ಹಲ್ಲು ನೋಡಲ್ಲ, ನಿಮ್ ಜಾಲ್ರಾದವರ ಹಲ್ಲು ನೋಡ್ತಾರಾ? ಹಿಂದಿನ ಸಾಲಲ್ಲೇ ನಿಲ್ಸಿ. ಕೆಲಸದಿಂದ ಮಾತ್ರ ತೆಗೀಬೇಡಿ. ಮುಂದಿನ ಸೀಸನ್‌ಗೆ ನಾನು ಜವಾಬ್ದಾರಿ."

ಆತ ತಲೆ ಕೆರೆದುಕೊಂಡು ಚಹಾ ತರಿಸಿದ. ಬೈದುಕೊಂಡೇ ಆದರೂ ಒಪ್ಪಿದ. ಆ ಉಪಕಾರವನ್ನು ನಾನು ಮರೆತಿಲ್ಲ. ಅವನ ತಾಯಿಯ ಹಲ್ಲಿನ ಸೆಟ್ಟನ್ನು ಆಮೇಲೆ ನಾನೇ ಮಾಡಿಕೊಟ್ಟೆ.

ಎರಡನೇ ಸಲ ಯಾವ ಅವಸರವನ್ನೂ ಮಾಡಲಿಲ್ಲ. ಮೊದಲು ಮೂಳೆ. ಗದ್ದದ ಇನ್ನೊಂದು ಪಕ್ಕದಿಂದ ಪುಡಿಯಲ್ಲ, ಒಂದು ಸಣ್ಣ ಹಲಗೆಯನ್ನೇ ತೆಗೆದು, ಇಲ್ಲದ ಗೋಡೆಯ ಜಾಗಕ್ಕೆ ಕೂದಲೆಳೆಯಂಥ ಮೊಳೆ ಹೊಡೆದು ಕೂರಿಸಿದೆ. ಅದು ಹಿಡಿಯುವ ತನಕ ಕಾದು, ಆಮೇಲೆ ಸ್ಕ್ರೂ. ಆಮೇಲೆ ಮತ್ತೆ ಕಾಯೋದು. ಮಾಸ್ಟ್ರು ಅಷ್ಟೂ ಕಾಲ ಮೂತಿಗೆ ಕರ್ಚೀಫು ಕಟ್ಟಿಕೊಂಡು ಮೆರವಣಿಗೆಗಳ ಹಿಂದೆ ಜಾಲ್ರಾ ಹೊಡೆದರು. ಒಂದು ಸಲ ನಾನು ಕೇಳದೆಯೇ ಹೆಂಡತಿ ವರದಿ ಕೊಟ್ಟರು: "ಕಚ್ಚೋದೂ ಇಲ್ಲ, ಊದೋದೂ ಇಲ್ಲ. ಮುತ್ತು ಕೊಡೋದೂ ಬಿಟ್ಟವ್ರೆ." ಮಾಸ್ಟ್ರು "ನಕ್ಕೋ, ಬೇಡ, ಡಾಕ್ಟ್ರ ಮುಂದೆ ಏನ್ ಮಾತು" ಅಂತ ನಾಚಿಕೊಂಡು ಕಿಟಕಿ ಕಡೆ ತಿರುಗಿದರು.

ತೆರೆಯುವ ದಿನ ಪ್ರೊಫೆಸರ್ ಬಂದರು. ಒಸಡಿನಲ್ಲಿ ಸಣ್ಣ ಕಿಂಡಿ ಮಾಡಿ, ಬಲಗಡೆ ಸ್ಕ್ರೂಗೆ ಲೋಹದ ಕಂಬ ಸಿಕ್ಕಿಸಿದೆ. ಬಾಯಿ ನೋಡುವ ಕನ್ನಡಿಯ ಹಿಡಿಯನ್ನು ತಿರುಗಿಸಿ ಹಿಡಿದು, ಕಂಬಕ್ಕೆ ಮೆಲ್ಲಗೆ ತಟ್ಟಬೇಕು. ಮೂಳೆ ಹಿಡಿದಿದ್ದರೆ ಟಣ್ ಅನ್ನುತ್ತೆ, ಹಿಡಿಯದಿದ್ದರೆ ದಬ್ ಅನ್ನುತ್ತೆ. ತಟ್ಟಿದೆ.

ಟಣ್.

"ಇನ್ನೊಂದ್ ಸಲ" ಅಂದರು ಪ್ರೊಫೆಸರ್. ಟಣ್. ಅವರು ತಲೆಯಾಡಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಉಸಿರು ಬಿಟ್ಟೆ. ಬಾಯಿ ತೆರೆದುಕೊಂಡಿದ್ದ ಮಾಸ್ಟ್ರು ಹೆಬ್ಬೆರಳು ಮೇಲೆತ್ತಿ ತೋರಿಸಿದರು.

ಹಲ್ಲು ಕೂರಿಸಿದ ದಿನ ಎರಡನ್ನೂ ಹಿಂದಿನಿಂದ ಒಂದಕ್ಕೊಂದು ಬೆಸೆದು ತಂದಿದ್ದೆ, ಭಾರ ಹಂಚಿಕೊಳ್ಳಲಿ ಅಂತ. ಬಿಗಿದಾದ ನಂತರ, ಮೇಲಿನ ಹಲ್ಲು ಕೆಳಗಿನದಕ್ಕೆ ಎಲ್ಲಿ ತಾಗುತ್ತೆ ಅಂತ ನೋಡೋಕೆ ನೀಲಿ ಕಾಗದವನ್ನು ನಡುವೆ ಇಟ್ಟು, ಬಾಯಿ ರೂಢಿಯಿಂದ, "ಕಚ್ಚಿ" ಅಂದುಬಿಟ್ಟೆ.

ಮಾಸ್ಟ್ರು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಕಚ್ಚಲಿಲ್ಲ.

"ಆಯ್ತು ಮಾರಾಯ್ರೇ, ಹಲ್ಲು ಸುಮ್ನೆ ಇಡಿ" ಅಂದೆ. ಇಟ್ಟರು.

ಆಮೇಲೆ ಡ್ರಾಯರಿನಿಂದ ಕರ್ಚೀಫು ತೆಗೆದು ಬಿಚ್ಚಿ, ಕಪ್ಪು ತುಂಡನ್ನು ತೊಳೆದು ಒರೆಸಿ, ಸ್ಟೆರೈಲ್ ಟ್ರೇ ಮೇಲೆ ನಾನೇ ಇಟ್ಟೆ. ಅದರ ಬೆನ್ನಿಗೆ ನೀಲಿ ಕಾಗದ ಸುತ್ತಿ ಬಾಯಿಗಿಟ್ಟುಕೊಳ್ಳಿ ಅಂದೆ. ಗುರುತು ಎಡಗಡೆ ದಪ್ಪ, ಬಲಗಡೆ ತೆಳು ಬಿತ್ತು. ಸ್ವಲ್ಪ ತೇಯ್ದು ಮತ್ತೆ ಇಡಿಸಿದೆ. ಎರಡೂ ಹಲ್ಲಿನಲ್ಲಿ ಒಂದೇ ಸಮ ನೀಲಿ ಬೀಳುವ ತನಕ ಬಿಡಲಿಲ್ಲ. ಮಾಸ್ಟ್ರು ವಾದ್ಯ ಜೋಡಿಸಿದರು. ಊದಲಿಲ್ಲ. ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು.

"ಊದಿ" ಅಂದೆ.

ಒಂದೇ ಸ್ವರ. ಬಹಳ ಹೊತ್ತು ಹಿಡಿದರು. ಎಲ್ಲೂ ಸೋರಲಿಲ್ಲ, ಜಾರಲಿಲ್ಲ. ಹೊರಗೆ ಕಾಯ್ತಿದ್ದವರು ಬಾಗಿಲ ಹತ್ತಿರ ಬಂದು ನಿಂತರು. ಹೆಂಡತಿ ಗೋಡೆಗೆ ಒರಗಿ, "ಬಂತು, ಬಂತು" ಅಂತಿದ್ದರು. ನನಗೆ ಆಗ ಅನ್ನಿಸಿದ ಸಂತೋಷವನ್ನು ಇವತ್ತಿಗೂ ಹಾಗೇ ಇಟ್ಟುಕೊಂಡಿದ್ದೀನಿ.

ಅಂದಿನಿಂದ ಯಾರೇ ಹೊಸ ಪೇಷಂಟ್ ಬರಲಿ, ನೋವು ಎಲ್ಲಿ ಅಂತ ಕೇಳುವ ಮೊದಲು, ದಿನವಿಡೀ ಬಾಯಲ್ಲಿ ಏನು ಕೆಲಸ ಮಾಡ್ತೀರಿ ಅಂತ ಕೇಳ್ತೀನಿ. ಕೆಲವರು ಊಟ ಅಂತಾರೆ. ಆದರೆ ಬಸ್ ಸ್ಟ್ಯಾಂಡಿನ ಕಂಡಕ್ಟರ್ ಒಬ್ಬರು ಸೀಟಿಯನ್ನು ಹಲ್ಲಲ್ಲೇ ಹಿಡಿದಿರ್ತೀನಿ ಅಂದರು. ಟೈಲರ್ ಒಬ್ಬಾಕೆ ದಾರ ಹರೀತೀನಿ ಅಂದರು. ಬಡಗಿಯೊಬ್ಬರು ಮೊಳೆ ಇಟ್ಕೋತೀನಿ ಅಂದರು. ಎಷ್ಟು ಹಲ್ಲುಗಳು ಆ ಒಂದು ಪ್ರಶ್ನೆಯಿಂದ ಉಳಿದಿವೆಯೋ. ಅದನ್ನು ಯಾವ ಕಾಲೇಜಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ; ಗೋಡೆ ಕಡೆ ಮುಖ ಮಾಡಿಕೊಂಡು ಕುಡಿದ ಗಂಜಿಯಿಂದ ನನಗೆ ಸಿಕ್ಕಿದ್ದು ಅದು. ಮಾಸ್ಟ್ರಿಗೆ ಈ ಮಾತು ಹೇಳಿದ್ದೀನಿ. ಅವರು, "ಹಾಗಾದ್ರೆ ಫೀಸಲ್ಲಿ ಅರ್ಧ ನಂಗ್ ಬರ್ಬೇಕು" ಅಂದರು.

ಮುಂದಿನ ಸೀಸನ್‌ನಲ್ಲಿ ಒಂದು ಸಂಜೆ, ಕುರ್ಚಿಯಲ್ಲಿ ಒಬ್ಬರ ಬಾಯಿ ತುಂಬ ಹತ್ತಿ ತುರುಕಿ ಕೆಲಸ ಮಾಡ್ತಿದ್ದೆ. ಬೀದಿಯ ಆ ತುದಿಯಿಂದ ಬ್ಯಾಂಡಿನ ಸದ್ದು ಬಂತು. ಹತ್ತಿರ ಹತ್ತಿರ ಬಂದು ನಮ್ಮ ಪಾತ್ರೆ ಅಂಗಡಿಯ ಮುಂದೆ ನಿಂತುಬಿಟ್ಟಿತು. "ಒಂದ್ನಿಮಿಷ ಹಾಗೇ ಇರಿ" ಅಂತ ಪೇಷಂಟಿಗೆ ಹೇಳಿ ಕಿಟಕಿಗೆ ಓಡಿದೆ. ಕುದುರೆ ಮೇಲೆ ಮದುಮಗ, ಸುತ್ತ ದೀಪದ ಬುಟ್ಟಿಗಳು. ಮುಂದಿನ ಸಾಲಿನ ನಡುವೆ ಕೆಂಪು ಕೋಟು ಹಾಕಿಕೊಂಡ ಮಾಸ್ಟ್ರು, ಮುಖ ಮೇಲೆತ್ತಿ, ಕ್ಲಾರಿನೆಟ್ಟನ್ನು ನೇರ ನನ್ನ ಕಿಟಕಿಗೇ ಹಿಡಿದು ಊದ್ತಿದ್ದರು. ಕರ್ಚೀಫಿರಲಿಲ್ಲ.

ನನಗೆ ತಡೆಯೋಕಾಗಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ: "ಮಾಸ್ಟ್ರೇ, ಕಚ್ಚಬೇಡಿ!"

ಬ್ಯಾಂಡಿನವರಿಗೆಲ್ಲ ಕಥೆ ಗೊತ್ತಿತ್ತು. ಡ್ರಮ್ಮಿನವರು ನಕ್ಕರು, ಜಾಲ್ರಾದವರು ನಕ್ಕರು, ಅರ್ಥವಾಗದಿದ್ದರೂ ಮದುಮಗನೂ ನಕ್ಕ. ಮಾಸ್ಟ್ರೊಬ್ಬರೇ ನಗಲಿಲ್ಲ. ಅವರ ಬಾಯಲ್ಲಿ ಕ್ಲಾರಿನೆಟ್ ಇತ್ತು.